ಸಣ್ಣ ಕಾರ್ಯಾಗಾರಕ್ಕೆ ಮಿಗ್ ಬೆಸುಗೆ ಯಂತ್ರದ ಆಯ್ಕೆ

ದಾವಣಗೆರೆ ಮತ್ತು ಹರಿಹರದ ಸೀಮೆಯಲ್ಲಿ ಕಬ್ಬಿಣದ ಕೆಲಸವು ಹೊಸದಲ್ಲ. 1941ನೆಯ ಇಸವಿಯಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿಯು ಸ್ಥಾಪಿತವಾಗಿ ಲೇತ್ ಯಂತ್ರಗಳನ್ನು ತಯಾರಿಸತೊಡಗಿದ ಮೇಲೆ ಈ ಭಾಗದವರ ಕೈಗೆ ಲೋಹದ ಕೆಲಸವು ಚೆನ್ನಾಗಿ ಹತ್ತಿತು. ಆ ಕಂಪನಿಯು ಈಗ ಇಲ್ಲದಿದ್ದರೂ ಕಸಬು ಅಳಿದಿಲ್ಲ. ಭದ್ರಾ ನಾಲೆಯ ಗದ್ದೆಗಳಲ್ಲಿಯೂ ಮೆಕ್ಕೆಜೋಳದ ಹೊಲಗಳಲ್ಲಿಯೂ ಟ್ರಾಕ್ಟರುಗಳು ತುಂಬಿರುವ ಈ ಕಾಲದಲ್ಲಿ ಕುಲುಮೆಯ ಸ್ಥಾನವನ್ನು ಬೆಸುಗೆಯ ಅಂಗಡಿಯು ಆಕ್ರಮಿಸಿರುವುದು. ಕಲ್ಟಿವೇಟರಿನ ಚೌಕಟ್ಟು, ಕೆಸರುಗದ್ದೆಯ ಕಬ್ಬಿಣದ ಗಾಲಿ, ಟ್ರೇಲರಿನ ಮೂಕಿ, ಇವೆಲ್ಲವೂ ಮುರಿದಾಗ ರೈತನು ಅಲ್ಲಿಗೇ ಹೋಗಬೇಕು. ಆದಕಾರಣ ಅನೇಕ ಭೂಮಾಲಿಕರು ಮಗನಿಗೋ ಅಳಿಯನಿಗೋ ಒಂದು ಸಣ್ಣ ಕಾರ್ಯಾಗಾರವನ್ನು ಹಾಕಿಕೊಡಲು ಬಯಸುವುದು ಸಹಜವೇ. ಅದಕ್ಕೆ ಮಿಗ್ ಯಂತ್ರವನ್ನು ಕೊಳ್ಳುವುದಾದರೆ ಯಾವುದನ್ನು ನೋಡಿ ಕೊಳ್ಳಬೇಕೆಂಬ ವಿಚಾರವನ್ನು ಇಲ್ಲಿ ವಿವರಿಸಿದೆ.

ಮಿಗ್ ವಿಧಾನದಲ್ಲಿ ಬೆಸುಗೆಯ ಕಡ್ಡಿಗೆ ಬದಲಾಗಿ ಸುರುಳಿಯಿಂದ ಸಣ್ಣ ತಂತಿಯು ತಾನಾಗಿ ಹೊರಟು ಬರುತ್ತಿರುವುದು. ಕರಗಿದ ಲೋಹಕ್ಕೆ ಗಾಳಿಯು ತಗುಲದಂತೆ ಅನಿಲವೊಂದು ಅದನ್ನು ಮುಸುಕಿಕೊಂಡಿರುವುದು. 1948ರ ಸುಮಾರಿಗೆ ಅಮೆರಿಕದಲ್ಲಿ ಹುಟ್ಟಿದ ಈ ವಿಧಾನವು, 1950ರ ದಶಕದಲ್ಲಿ ಅಗ್ಗವಾದ ಇಂಗಾಲದ ಡೈಆಕ್ಸೈಡನ್ನು, ಎಂದರೆ ಸೋಡಾ ನೀರಿಗೆ ತುಂಬುವ ಅನಿಲವನ್ನೇ, ಉಪಯೋಗಿಸತೊಡಗಿದ ತರುವಾಯ ಉಕ್ಕಿನ ಕೆಲಸದಲ್ಲಿ ಹರಡಿತು. ಇದರ ಅನುಕೂಲಗಳು ಸ್ಪಷ್ಟವಾಗಿವೆ. ಕಡ್ಡಿಯಲ್ಲಿ ತುಂಡು, ಕಿಟ್ಟ, ಸಿಡಿತಗಳೆಂದು ಮೂರರಲ್ಲೊಂದು ಪಾಲಿಗಿಂತ ಹೆಚ್ಚು ವ್ಯರ್ಥವಾದರೆ, ತಂತಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಬೆಸುಗೆಗೇ ಸೇರುವುದು. ಕೆಲಸವು ಬೇಗ ಸಾಗುವುದು. ತೆಳುವಾದ ತಗಡು ಸಹ ತೂತಾಗದೆ ಕೂಡುವುದು. ಹೊಸಬನು ಕೆಲವೇ ದಿನಗಳಲ್ಲಿ ನೋಟಕ್ಕೆ ಅಂದವಾದ ಬೆಸುಗೆಯನ್ನು ಹಾಕಬಲ್ಲನು.

ಅಪಾಯವಿರುವುದು ಈ ಕಡೆಯ ಮಾತಿನಲ್ಲಿಯೇ. ಸಣ್ಣ ಮಿಗ್ ಯಂತ್ರದಿಂದ ದಪ್ಪ ತಟ್ಟೆಯ ಮೇಲೆ ಹಾಕಿದ ಬೆಸುಗೆಯು ಮೇಲೆ ನುಣುಪಾಗಿ ಕಂಡರೂ ಅಡಿಯ ಲೋಹವನ್ನು ಕರಗಿಸದೆ, ಗೋಡೆಗೆ ಮೆತ್ತಿದ ಮಣ್ಣಿನಂತೆ ಅಂಟಿಕೊಂಡಿರಬಹುದು. ಕಡ್ಡಿಯ ಬೆಸುಗೆಯು ಕೆಟ್ಟರೆ ಬಹುಮಟ್ಟಿಗೆ ಕಣ್ಣಿಗೆ ಕಾಣುವುದು, ಇದು ಕಾಣುವುದಿಲ್ಲ. ತಗಡಿನ ತೊಟ್ಟಿಯಲ್ಲಾದರೆ ನೀರು ಸೋರಿದೀತು, ಅಷ್ಟೆ. ಟ್ರೇಲರಿನ ಮೂಕಿಯಲ್ಲಾದರೆ ಭತ್ತದ ಚೀಲಗಳನ್ನೂ ಅದರ ಮೇಲೆ ಕುಳಿತ ಆಳುಗಳನ್ನೂ ಹೊತ್ತ ಗಾಡಿಯು ನಾಲೆಯ ಏರಿಯ ಮೇಲೆ ಕಳಚಿಕೊಳ್ಳುವುದು. ಆದುದರಿಂದ 10 ಮಿಲಿಮೀಟರು ಮತ್ತು ಅದಕ್ಕೆ ಮೀರಿದ ದಪ್ಪದ, ಭಾರ ಹೊರುವ ಭಾಗಗಳನ್ನು 150 ಆಂಪಿಯರಿನ ಸಣ್ಣ ಯಂತ್ರದಿಂದ ಎಂದಿಗೂ ಬೆಸೆಯಕೂಡದು.

ಇದನ್ನು ಪರೀಕ್ಷಿಸಲು ಪ್ರಯೋಗಶಾಲೆಯು ಬೇಕಾಗಿಲ್ಲ. ಎರಡು ತಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ನೆಟ್ಟಗೆ ನಿಲ್ಲಿಸಿ, ಒಂದು ಮಗ್ಗುಲಿಗೆ ಮಾತ್ರ ಬೆಸೆದು, ಆರಿದ ಮೇಲೆ ನಿಂತಿರುವ ತುಂಡನ್ನು ಬೆಸುಗೆಯ ಕಡೆಗೇ ಸುತ್ತಿಗೆಯಿಂದ ಬಡಿದು ಮಡಿಸತಕ್ಕದ್ದು. ಬೆಸುಗೆಯು ಒಳ್ಳೆಯದಾದರೆ ಪೂರ್ಣ ಮಡಿಸಿದರೂ ಬಿಡದು, ಇಲ್ಲವೆ ಬೆಸುಗೆಯ ನಡುವೆ ಹರಿದು ಒರಟಾದ ಮುಖವನ್ನು ತೋರುವುದು. ಕೆಟ್ಟದಾದರೆ ತಟ್ಟೆಯ ಮೊದಲಿನ ನುಣುಪಾದ ಮೈಯನ್ನೂ ಕೊಯ್ದ ಅಂಚನ್ನೂ ಹಾಗೆಯೇ ತೋರಿಸುತ್ತ ಸುಲಭವಾಗಿ ಬಿಟ್ಟುಕೊಳ್ಳುವುದು. ಯಂತ್ರವನ್ನು ಕೊಳ್ಳುವ ಮುನ್ನ ತಾವು ಒಯ್ದ ತಟ್ಟೆಯ ಮೇಲೆ, ಮಾರುವವನ ಅಂಗಡಿಯಲ್ಲಿಯೇ ಇದನ್ನು ಮಾಡಿಸಿ ನೋಡಬೇಕು. ಇದಕ್ಕೆ ಒಪ್ಪದ ಅಂಗಡಿಯನ್ನು ಬಿಟ್ಟು ಮುಂದಿನದಕ್ಕೆ ಹೋಗುವುದು ಲೇಸು.

ಯಂತ್ರದ ಮುಖದ ಮೇಲೆ ದೊಡ್ಡದಾಗಿ ಬರೆದ ಆಂಪಿಯರಿನ ಅಂಕಿಯನ್ನು ನೋಡಿ ಮರುಳಾಗಬಾರದು. ಅದರ ಜೊತೆಗೆ ನೂರಕ್ಕೆ ಇಷ್ಟು ಎಂದು ಮತ್ತೊಂದು ಅಂಕಿಯು ಹಿಂಬದಿಯ ಫಲಕದಲ್ಲಿರುವುದು. ಇದಕ್ಕೆ ಡ್ಯೂಟಿ ಸೈಕಲ್ ಎಂದು ಹೆಸರು. ಹತ್ತು ನಿಮಿಷಗಳಲ್ಲಿ ಎಷ್ಟು ನಿಮಿಷ ಆ ಆಂಪಿಯರಿನಲ್ಲಿ ದುಡಿಯಬಲ್ಲುದೆಂಬುದೇ ಇದರ ಅರ್ಥ. 200 ಆಂಪಿಯರಿಗೆ ನೂರಕ್ಕೆ 60 ಎಂದಿರುವ ಯಂತ್ರವು ಆರು ನಿಮಿಷ ದುಡಿದು ನಾಲ್ಕು ನಿಮಿಷ ಆರಬೇಕು. ನೂರಕ್ಕೆ 20 ಎಂದಿರುವುದು ಎರಡೇ ನಿಮಿಷ ದುಡಿದು ಎಂಟು ನಿಮಿಷ ಸುಮ್ಮನಿರಬೇಕು. ಶಾಖವು ಆಂಪಿಯರಿನ ವರ್ಗಕ್ಕನುಸಾರವಾಗಿ ಏರುವುದರಿಂದ, ಬಿಡುವಿಲ್ಲದೆ ದುಡಿಸುವುದಾದರೆ ಮೊದಲನೆಯದು ಸುಮಾರು 155 ಆಂಪಿಯರನ್ನೂ ಎರಡನೆಯದು 90 ಆಂಪಿಯರಿಗೂ ಕಡಿಮೆಯನ್ನೂ ಕೊಡುವುದು. ಹೆಸರಿಗೆ ಎರಡೂ 200 ಆಂಪಿಯರಿನವೇ! ಈ ಅಂಕಿಯನ್ನು 40 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅಳೆದಿರುವರೆ ಎಂದೂ ಕೇಳತಕ್ಕದ್ದು. ತಂಪಾದ ಕೋಣೆಯಲ್ಲಿ ಅಳೆದ ಅಂಕಿಯು ಏಪ್ರಿಲ್ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ನಿಲ್ಲದು.

ವಿದ್ಯುತ್ತಿನ ವಿಚಾರವು ಸ್ಥಳಕ್ಕೆ ತಕ್ಕಂತೆ ಬೇರೆಯಾಗುವುದು. ದಾವಣಗೆರೆಯ ವಿನೋಬನಗರದಂತೆ ಮನೆಗಳು ಒತ್ತಾಗಿರುವ ಬಡಾವಣೆಯಲ್ಲಿ ಒಂದೇ ಫೇಸಿನ ಸಂಪರ್ಕದಿಂದ 200 ಆಂಪಿಯರನ್ನು ಎಳೆದರೆ ಯಂತ್ರಕ್ಕೆ ಸುಮಾರು 6 ಕಿಲೋವಾಟ್ ಬೇಕಾಗಿ, ನೆರೆಯವರ ದೀಪಗಳು ಮಂಕಾಗಿ ಜಗಳಕ್ಕೆ ಕಾರಣವಾಗುವುದು. ಬೆಸ್ಕಾಂ ಕಚೇರಿಯಲ್ಲಿ ಮಂಜೂರಾದ ಹೊರೆಯನ್ನು ಹೆಚ್ಚಿಸಿಕೊಂಡು ಮೂರು ಫೇಸಿನ ಸಂಪರ್ಕವನ್ನು ಪಡೆಯುವುದೇ ಸರಿಯಾದ ಮಾರ್ಗ. ಹಳ್ಳಿಯಲ್ಲಾದರೋ ಮೂರು ಫೇಸು ದಿನವೆಲ್ಲ ಇರುವುದೇ ಎಂದು ಮೊದಲು ವಿಚಾರಿಸಬೇಕು. ಪಂಪುಸೆಟ್ಟಿನ ಸಂಪರ್ಕದಿಂದ ಕಾರ್ಯಾಗಾರವನ್ನು ನಡೆಸುವುದು ನಿಯಮಕ್ಕೆ ವಿರುದ್ಧವಾದುದು. ಗ್ರಾಮದ ಮುಖಂಡರು ಇದಕ್ಕೆ ಅವಕಾಶ ಕೊಡಬಾರದು. ವೋಲ್ಟೇಜು ಇಳಿಯುವ ಊರುಗಳಲ್ಲಿ ಎಷ್ಟು ವೋಲ್ಟಿನವರೆಗೆ ಯಂತ್ರವು ನಿಲ್ಲದೆ ನಡೆಯುವುದೆಂಬುದನ್ನು ಮಾರುವವನಿಂದ ಬರಹದಲ್ಲಿ ಪಡೆಯತಕ್ಕದ್ದು.

ಇನ್ನು ಗಾಳಿ. ಜೂನ್ ತಿಂಗಳ ಬಿತ್ತನೆಯ ಹೊತ್ತಿಗೆ ಉಪಕರಣಗಳು ಹೆಚ್ಚಾಗಿ ಮುರಿಯುವುವು. ಈ ಬಯಲುಸೀಮೆಯಲ್ಲಿ ಆಷಾಢದ ಗಾಳಿಯು ಬೀಸುವುದೂ ಆಗಲೇ. ಗಂಟೆಗೆ ಎಂಟು ಕಿಲೋಮೀಟರಿನ ಸಾಧಾರಣ ಗಾಳಿಯೇ ಅನಿಲದ ಮುಸುಕನ್ನು ಹಾರಿಸಿ ಬೆಸುಗೆಯೊಳಗೆ ಜೇನುಗೂಡಿನಂತೆ ತೂತುಗಳನ್ನು ಬಿಡುವುದು. ಆದುದರಿಂದ ಹೊಲದಲ್ಲಿ ನಿಂತ ಟ್ರಾಕ್ಟರಿಗೆ ಅನಿಲದ ಮಿಗ್ ಯಂತ್ರವು ಪ್ರಯೋಜನವಿಲ್ಲ. ಅಲ್ಲಿ ಹಳೆಯ ಕಡ್ಡಿಯೇ ಮೇಲು. ಅನಿಲವಿಲ್ಲದೆ ನಡೆಯುವ, ಒಳಗೆ ಮದ್ದು ತುಂಬಿದ ತಂತಿಯೂ ದೊರೆಯುವುದು. ಆದರೆ ಅದಕ್ಕೆ ಯಂತ್ರದ ಧನ ಋಣ ತುದಿಗಳನ್ನು ಅದಲು ಬದಲು ಮಾಡುವ ಸೌಕರ್ಯವಿರಬೇಕು. ಕಲ್ಟಿವೇಟರಿನ ಗಟ್ಟಿ ಉಕ್ಕಿನ ಹಲ್ಲುಗಳಿಗೆ ಕಾಯಿಸಿ ಬೆಸೆಯುವ ಕಡಿಮೆ ಜಲಜನಕದ ಕಡ್ಡಿಯೂ, ಬೀಡುಕಬ್ಬಿಣಕ್ಕೆ ನಿಕ್ಕಲಿನ ಕಡ್ಡಿಯೂ ಬೇಕಾಗುವುವು. ಆದಕಾರಣ ರೈತರ ಕೆಲಸವನ್ನೇ ನಂಬಿದ ಕಾರ್ಯಾಗಾರವು ಮಿಗ್ ಮತ್ತು ಕಡ್ಡಿ ಎರಡನ್ನೂ ನಡೆಸುವ ಒಂದೇ ಯಂತ್ರವನ್ನು ಕೊಳ್ಳುವುದು ಯುಕ್ತ. ಬಾಗಿಲು, ಕಿಟಕಿ, ಗ್ರಿಲ್ಲುಗಳನ್ನೇ ಮಾಡುವ ಪಟ್ಟಣದ ಅಂಗಡಿಗೆ ಮಿಗ್ ಮಾತ್ರವಿದ್ದರೂ ಸಾಕು.

ಹಗುರವಾದ ಇನ್ವರ್ಟರ್ ಯಂತ್ರವನ್ನು ಕೊಳ್ಳುವವರು ಅದರ ಬೀಸಣಿಗೆಯು ಉಜ್ಜುವ ಕಲ್ಲಿನ ಕಬ್ಬಿಣದ ಪುಡಿಯನ್ನು ಒಳಗೆಳೆದುಕೊಳ್ಳುವುದೆಂಬುದನ್ನು ಮರೆಯಬಾರದು. ತಿಂಗಳಿಗೊಮ್ಮೆ ಒಣಗಾಳಿಯಿಂದ ಊದಿಸಿದರೆ ಬಹುಕಾಲ ಬರುವುದು. ಹಳೆಯ ಟ್ರಾನ್ಸ್‌ಫಾರ್ಮರಿನ ಯಂತ್ರವು ಧೂಳನ್ನು ತಡೆಯುವುದಾದರೂ ಬಲು ಭಾರ, ವಿದ್ಯುತ್ತಿನ ಖರ್ಚೂ ಹೆಚ್ಚು. ಯಾವುದೇ ಆಗಲಿ, 0.8 ಮತ್ತು 1.2 ಮಿಲಿಮೀಟರು ತಂತಿಗಳೆರಡನ್ನೂ ಎಳೆಯಬಲ್ಲುದಾಗಿ, 15 ಕಿಲೋಗ್ರಾಮಿನ ಸುರುಳಿಯನ್ನು ಹಿಡಿಯುವಂತಿರಬೇಕು. ಸಣ್ಣ ಸುರುಳಿಗಳ ತಂತಿಯು ತೂಕಕ್ಕೆ ದುಬಾರಿ. ಬೆಸುಗೆಯ ಕೊಳವೆಯು ಬಿಚ್ಚಿ ಬದಲಿಸುವಂತಹುದಾಗಿರಲಿ. ಯಂತ್ರಕ್ಕೇ ಸೇರಿಸಿಬಿಟ್ಟ ಕೊಳವೆಯು ಕೆಟ್ಟರೆ ಹಂಗಾಮಿನ ನಡುವೆ ಇಡೀ ಯಂತ್ರವು ಅಂಗಡಿಯ ಪಾಲಾಗುವುದು.

ಸಿಲಿಂಡರನ್ನು ಗೋಡೆಗೆ ಸರಪಣಿಯಿಂದ ಬಿಗಿದು ನೆಟ್ಟಗೆ ನಿಲ್ಲಿಸತಕ್ಕದ್ದು. ಮುಚ್ಚಿದ ಕೋಣೆಯಲ್ಲಿ ಅನಿಲವು ನೆಲಮಟ್ಟದಲ್ಲಿ ತುಂಬಿ ಉಸಿರು ಕಟ್ಟಿಸುವುದರಿಂದ ಒಂದು ಬಾಗಿಲಾದರೂ ತೆರೆದಿರಬೇಕು. ಸತುವಿನ ಲೇಪವುಳ್ಳ ಕೊಳವೆಗಳನ್ನು ಬೆಸೆಯುವ ಮೊದಲು ಲೇಪವನ್ನು ಉಜ್ಜಿ ತೆಗೆಯದಿದ್ದರೆ ಆ ಹೊಗೆಯಿಂದ ಕೆಲಸಗಾರನಿಗೆ ಅದೇ ರಾತ್ರಿ ಚಳಿಜ್ವರ ಬರುವುದುಂಟು.