ಟಿಕೆಟ್ ಕೊಂಡು ಕಂಠೀರವಕ್ಕೆ ಬನ್ನಿ

2018ರ ಜೂನ್ 1ರಂದು ಮುಂಬೈನಲ್ಲಿ ಭಾರತ ಫುಟ್‌ಬಾಲ್ ತಂಡ ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿತು. ನಾಯಕ ಸುನಿಲ್ ಚೆಟ್ರಿ ಹ್ಯಾಟ್ರಿಕ್ ಬಾರಿಸಿದರು. ನೋಡಲು ಬಂದವರು 2,569 ಮಂದಿ ಮಾತ್ರ. ಮರುದಿನ ಚೆಟ್ರಿ ಒಂದು ವಿಡಿಯೊ ಹಾಕಿ ಜನರನ್ನು ಕೈಮುಗಿದು ಬೇಡಿಕೊಂಡರು. ಯುರೋಪಿನ ಕ್ಲಬ್ಬುಗಳ ಅಭಿಮಾನಿಗಳೇ, ನಮ್ಮ ಆಟ ಆ ಮಟ್ಟದ್ದಲ್ಲ ಎಂಬುದು ಒಪ್ಪಿದ ಮಾತು, ಆದರೂ ಮೈದಾನಕ್ಕೆ ಬನ್ನಿ, ಬೈಯುವುದಿದ್ದರೆ ಅಲ್ಲಿಗೇ ಬಂದು ಬೈಯಿರಿ ಎಂಬುದು ಅವರ ಮಾತಿನ ಸಾರ. ಜೂನ್ 4ರಂದು ಕೆನ್ಯಾ ವಿರುದ್ಧದ ಆಟಕ್ಕೆ ಟಿಕೆಟ್‌ಗಳೆಲ್ಲ ಖಾಲಿಯಾದವು. ಅದು ಚೆಟ್ರಿಯ ನೂರನೆಯ ಅಂತರರಾಷ್ಟ್ರೀಯ ಪಂದ್ಯ. ಭಾರತ 3-0ರಿಂದ ಗೆದ್ದಿತು.

ಆ ಮನವಿ ನಮ್ಮ ಗಜೇಂದ್ರಗಡ, ರೋಣದ ಕಡೆಯವರಿಗೂ ಸಲ್ಲುತ್ತದೆ. ಲಕ್ಕಲಕಟ್ಟಿಯ ಕಟ್ಟೆಯ ಮೇಲೆ ಕುಳಿತ ಹುಡುಗ ಇಂದು ಮಿಲಾನ್ ಪಂದ್ಯವನ್ನು ಮೊಬೈಲಿನಲ್ಲಿ ನೋಡಬಲ್ಲ. ಎಸಿ ಮಿಲಾನ್ ಮತ್ತು ಇಂಟರ್ ಎರಡೂ ಆಡುವ ಸ್ಯಾನ್ ಸಿರೊ 1926ರಲ್ಲಿ ಶುರುವಾದ, 75 ಸಾವಿರಕ್ಕೂ ಹೆಚ್ಚು ಜನ ಹಿಡಿಯುವ ಕ್ರೀಡಾಂಗಣ. ಅದರ ಟಿಕೆಟ್ ಸಿಗುವುದು ಸುಲಭವಲ್ಲ. ಬಹಳಷ್ಟು ಸೀಟುಗಳು ಇಡೀ ಋತುವಿನ ಟಿಕೆಟ್ ಕೊಂಡವರ ಪಾಲಾಗಿರುತ್ತವೆ. ಉಳಿದದ್ದು ಸಿಕ್ಕರೂ, 2005ರಿಂದ ಇಟಲಿಯ ದೊಡ್ಡ ಕ್ರೀಡಾಂಗಣಗಳ ಟಿಕೆಟ್ ಮೇಲೆ ನೋಡುವವರ ಹೆಸರೇ ಮುದ್ರಿತವಾಗಿರಬೇಕು. ಗೇಟಿನಲ್ಲಿ ಪಾಸ್‌ಪೋರ್ಟಿನ ಹೆಸರಿಗೂ ಟಿಕೆಟ್ಟಿನ ಹೆಸರಿಗೂ ತಾಳೆಯಾಗದಿದ್ದರೆ ಒಳಗೆ ಬಿಡುವುದಿಲ್ಲ. ಅಲ್ಲಿನ ಗುಂಪು ಜಗಳಗಳು ಇಂಥ ನಿಯಮಕ್ಕೆ ದಾರಿ ಮಾಡಿದವು. 2007ರ ಫೆಬ್ರುವರಿಯಲ್ಲಿ ಕತಾನಿಯಾದ ಗಲಭೆಯಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ಸತ್ತ ಮೇಲೆ ನಿಯಮಗಳು ಇನ್ನಷ್ಟು ಬಿಗಿಯಾದವು.

ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ತವರಿನ ಮೈದಾನ, ತವರಿನ ಬಣ್ಣ, ಗೋಲು ಬಿದ್ದಾಗ ಒಂದೇ ಉಸಿರಿಗೆ ಏಳುವ ಸಾವಿರಾರು ಜನ ಇವೆಲ್ಲ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿವೆ.

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ, ಜೆಎಸ್‌ಡಬ್ಲ್ಯು ಸಮೂಹದ ಬಂಡವಾಳದಿಂದ. ಮೊದಲ ಋತುವನ್ನು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿತು. ಕೋಚ್ ಆಶ್ಲಿ ವೆಸ್ಟ್‌ವುಡ್, ನಾಯಕ ಚೆಟ್ರಿ. ಕಾಲಿಟ್ಟ ವರ್ಷವೇ ಐ-ಲೀಗ್ ಗೆದ್ದುಬಿಟ್ಟಿತು. 2016ರಲ್ಲಿ ಅದೇ ಪ್ರಶಸ್ತಿ ಮತ್ತೆ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಂಠೀರವದಲ್ಲಿ ಮಲೇಷ್ಯಾದ ಜೊಹೋರ್ ದಾರುಲ್ ತಕ್ಜಿಂ ತಂಡವನ್ನು 3-1ರಿಂದ ಮಣಿಸಿ, ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ತಂಡಕ್ಕೆ 0-1ರಿಂದ ಸೋತಿತು. ಮುಂದೆ 2018-19ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್), 2022ರ ಡುರಾಂಡ್ ಕಪ್ ಬಂದವು.

ಇವೆಲ್ಲ ಪಟ್ಟಿಗೆ ಸೇರುವ ಗೆಲುವುಗಳು. ನನ್ನ ಮಟ್ಟಿಗೆ ಈ ಕ್ಲಬ್ಬಿನ ದೊಡ್ಡ ಸಾಧನೆ ವೆಸ್ಟ್ ಬ್ಲಾಕ್. ಅಶೋಕನಗರದ ಪಶ್ಚಿಮದ ಗ್ಯಾಲರಿಯಲ್ಲಿ ಮೊದಲ ದಿನಗಳಲ್ಲಿ ಸೇರಿದ ಅಭಿಮಾನಿಗಳು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಹೆಸರು ಕಟ್ಟಿಕೊಂಡರು. ತಂಡ ಕಂಠೀರವಕ್ಕೆ ಬಂದಾಗ ಹೆಸರೂ ಅವರ ಜೊತೆಗೇ ಬಂತು. ಇಲ್ಲಿ ಸೀಟು ಇರುವುದು ಹೆಸರಿಗೆ; ತೊಂಬತ್ತು ನಿಮಿಷವೂ ನಿಂತೇ ನೋಡುವುದು ರೂಢಿ. ನೀಲಿ ಅಂಗಿ, ಕೊರಳಲ್ಲಿ ನೀಲಿ ಶಾಲು, ಡೋಲಿನ ಸದ್ದಿಗೆ ಸರಿಯಾಗಿ ಹಾಡು. ಹಾಡು ಗೊತ್ತಿಲ್ಲದವರಿಗೆ ಪಕ್ಕದವರೇ ಹೇಳಿಕೊಡುತ್ತಾರೆ, ಎರಡನೆಯ ಸಲಕ್ಕೆ ಬಾಯಿಗೆ ಬಂದಿರುತ್ತದೆ. ಪಂದ್ಯ ಮುಗಿದ ಮೇಲೆ ಬೆವರಿಳಿಯುವ ಆಟಗಾರರು ಈ ಗ್ಯಾಲರಿಯ ಮುಂದೆ ಸಾಲಾಗಿ ನಿಂತು ಎರಡೂ ಕೈ ಮೇಲೆತ್ತುತ್ತಾರೆ. ಡೋಲು ಒಂದು ಏಟು, ಎಲ್ಲರದೂ ಒಂದು ಚಪ್ಪಾಳೆ. ಮೊದಲು ನಿಧಾನ, ಆಮೇಲೆ ಬೇಗ, ಆಮೇಲೆ ಇನ್ನೂ ಬೇಗ. ಮೊಬೈಲ್ ಪರದೆಯಲ್ಲಿ ಆ ಸದ್ದು ಅರ್ಧವೂ ಕೇಳುವುದಿಲ್ಲ.

ಕಂಠೀರವದ ಒಂದು ಕೊರತೆಯನ್ನು ಹೇಳಲೇಬೇಕು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದ ಈ ಕ್ರೀಡಾಂಗಣದಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ. ನೋಡುವವರಿಗೂ ಆಡುವವರಿಗೂ ನಡುವೆ ಅಷ್ಟು ಅಂತರ ಉಳಿಯುತ್ತದೆ. ಫುಟ್‌ಬಾಲ್‌ನಿಂದ ತಮ್ಮ ಅಭ್ಯಾಸಕ್ಕೆ ಅಡ್ಡಿಯಾಗುತ್ತಿದೆ ಎಂಬ ಅಥ್ಲೀಟ್‌ಗಳ ದೂರು ಹೈಕೋರ್ಟ್‌ವರೆಗೂ ಹೋಗಿತ್ತು. ಅವರ ಮಾತಿನಲ್ಲಿ ನ್ಯಾಯವಿದೆ. ಟ್ರ್ಯಾಕ್ ಇರುವುದು ಓಡುವವರಿಗಾಗಿ. ಇಟಲಿಯ ಯುವೆಂಟಸ್ ಕೂಡ ಇದೇ ಕಷ್ಟ ಉಂಡಿತ್ತು. 1990ರ ವಿಶ್ವಕಪ್‌ಗೆ ಟ್ಯೂರಿನ್‌ನಲ್ಲಿ ಕಟ್ಟಿದ ಡೆಲೆ ಆಲ್ಪಿಯಲ್ಲಿ ಟ್ರ್ಯಾಕಿನಾಚೆ ಕುಳಿತ ಜನಕ್ಕೆ ಆಟವೇ ದೂರವಾಯಿತು, ಗ್ಯಾಲರಿಗಳು ಖಾಲಿ ಹೊಡೆದವು. ಕ್ಲಬ್ ಅದನ್ನು ಕೆಡವಿ ಅದೇ ಜಾಗದಲ್ಲಿ 41 ಸಾವಿರ ಸೀಟಿನ ಸ್ವಂತ ಕ್ರೀಡಾಂಗಣ ಕಟ್ಟಿ, 2011ರಲ್ಲಿ ಜನರನ್ನು ಮೈದಾನದ ಅಂಚಿಗೇ ತಂದು ಕೂಡಿಸಿತು. ಬೆಂಗಳೂರಿಗೂ ಫುಟ್‌ಬಾಲ್‌ಗೆಂದೇ ಕಟ್ಟಿದ ದೊಡ್ಡ ಮೈದಾನವೊಂದು ಬೇಕು. ಆ ಬೇಡಿಕೆಗೆ ಬಲ ಬರುವುದು ಟಿಕೆಟ್ ಕೊಂಡು ಬಂದವರ ಲೆಕ್ಕದಿಂದ.

ಈ ಊರಿಗೆ ಫುಟ್‌ಬಾಲ್ ಹೊಸತೇನಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಇದೇ ಊರಿನವರು. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. 1968-69ರಲ್ಲಿ ಮೈಸೂರು ಹೆಸರಿನಲ್ಲಿ ಗೆದ್ದ ಸಂತೋಷ್ ಟ್ರೋಫಿ ಕರ್ನಾಟಕಕ್ಕೆ ಮತ್ತೆ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ಆ ವರ್ಷದ ಜುಲೈ 4ರಂದು ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯ ಫೈನಲ್‌ನಲ್ಲಿ ಭಾರತ ಕುವೈತ್‌ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿದಾಗ ತುಂಬಿದ ಕಂಠೀರವ ‘ವಂದೇ ಮಾತರಂ’ ಹಾಡಿತು.

ಇನ್ನು ಟಿಕೆಟ್ಟಿನ ವಿಚಾರ. ಪಂದ್ಯ ಹತ್ತಿರವಾದಂತೆ ಕ್ಲಬ್ ತನ್ನ ಪುಟಗಳಲ್ಲಿ ಮಾರಾಟದ ಕೊಂಡಿ ಹಾಕುತ್ತದೆ. ಗ್ಯಾಲರಿ ಆರಿಸಿ, ಫೋನಿನಲ್ಲಿ ಹಣ ಕಟ್ಟಿದರೆ ಆಯಿತು. ಕೂಗಾಡಿ ನೋಡುವ ಆಸೆಯಿದ್ದರೆ ವೆಸ್ಟ್ ಬ್ಲಾಕ್. ಸಣ್ಣ ಮಕ್ಕಳು, ಹಿರಿಯರು ಜೊತೆಗಿದ್ದರೆ ಕುಳಿತು ನೋಡುವ ಬೇರೆ ಗ್ಯಾಲರಿ ಒಳ್ಳೆಯದು. ಕೇರಳ ಬ್ಲಾಸ್ಟರ್ಸ್ ಬರುವ ದಿನ ತಡಮಾಡಬೇಡಿ. 2023ರ ಮಾರ್ಚ್ 3ರ ಪ್ಲೇಆಫ್‌ನ ಹೆಚ್ಚುವರಿ ಸಮಯದಲ್ಲಿ, ಎದುರಾಳಿಗಳು ಸಜ್ಜಾಗುವ ಮೊದಲೇ ಚೆಟ್ರಿ ಫ್ರೀ ಕಿಕ್ಕನ್ನು ಗೋಲಿಗೆ ಕಳಿಸಿದ್ದೂ, ಕೇರಳ ತಂಡ ಮೈದಾನ ಬಿಟ್ಟು ಹೊರನಡೆದದ್ದೂ ಇಲ್ಲೇ. ಅಂದಿನಿಂದ ಈ ಎರಡು ತಂಡಗಳ ಪಂದ್ಯದ ಕಾವು ಇನ್ನೂ ಏರಿದೆ.

ಟಿಕೆಟ್ ಇಲ್ಲದೆ ಗೇಟಿನ ಬಳಿ ಹೋಗಿ ನೋಡೋಣ ಎಂಬ ಯೋಚನೆ ಬೇಡವೇ ಬೇಡ. 2025ರ ಜೂನ್ 4ರಂದು ಕಂಠೀರವಕ್ಕೆ ಸಮೀಪದ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜೀವ ಹೋದವು. ಅವರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನವರು. ಯಾರಿಗೆ ಪ್ರವೇಶ, ಯಾವ ಗೇಟು, ಎಷ್ಟು ಜನ ಎಂಬುದು ಮೊದಲೇ ತೀರ್ಮಾನವಾಗಿರುವುದು ಜೀವ ಉಳಿಸುವ ಏರ್ಪಾಡು. ಇಟಲಿಯವರ ಹೆಸರಿನ ಟಿಕೆಟ್ ಕಿರಿಕಿರಿ ಎನಿಸಿದರೂ ನಾನು ಅದರ ಪರ.

ಟಿಕೆಟ್ ಕೊಂಡು ಬರುವವರು ಕ್ಲಬ್ಬಿಗೂ ಬೇಕು. 2025ರ ಜುಲೈನಲ್ಲಿ ವಾಣಿಜ್ಯ ಹಕ್ಕುಗಳ ಒಪ್ಪಂದದ ಗೊಂದಲದಿಂದ ಮುಂದಿನ ಐಎಸ್‌ಎಲ್ ಋತುವಿಗೆ ತಡೆ ಬಿದ್ದು, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಬೇಕಾಯಿತು. ಇಷ್ಟು ಗೆದ್ದ ಕ್ಲಬ್ಬಿನ ಬುಡವೂ ಅಲುಗಾಡಬಹುದು ಎಂಬುದು ಆಗ ಕಣ್ಣಿಗೆ ಬಿತ್ತು. ಅದು ಅಲುಗಾಡಿದರೆ ನಮ್ಮ ಕಡೆಗೂ ನಷ್ಟ. ಕ್ಲಬ್ಬಿನ ವಸತಿ ಅಕಾಡೆಮಿ ಇರುವುದು ತೋರಣಗಲ್ಲಿನ ಬಳಿಯ ವಿಜಯನಗರದಲ್ಲಿ, ಗದಗಿನಿಂದ ಹೊಸಪೇಟೆ ದಾಟಿದರೆ ಸಿಗುವ ದೂರದಲ್ಲಿ. ಕಾಲಲ್ಲಿ ಚೆಂಡು ನಿಲ್ಲುವ ಮಗ ಮನೆಯಲ್ಲಿದ್ದರೆ ತಂದೆ ತಾಯಿ ಇದನ್ನು ಗುರುತು ಹಾಕಿಕೊಳ್ಳಿ.

ಹೊರಡುವವರು ಮೊದಲು ರೈಲಿನ ಟಿಕೆಟ್ ಮಾಡಿಸಿ. ರೈಲಿಗೆ 60 ದಿನ ಮುಂಚೆಯೇ ಕಾಯ್ದಿರಿಸಬಹುದು, ಪಂದ್ಯದ ಟಿಕೆಟ್ ಮಾರಾಟ ಶುರುವಾಗುವುದು ಬಹಳ ತಡವಾಗಿ. ಗದಗಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿಗೆ ಬೆಂಗಳೂರು. ಸಂಗೊಳ್ಳಿ ರಾಯಣ್ಣ ನಿಲ್ದಾಣದಿಂದಲೇ ನೇರಳೆ ಮಾರ್ಗದ ಮೆಟ್ರೊ ಹಿಡಿದು ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ಕಂಠೀರವಕ್ಕೆ ನಡೆದೇ ಹೋಗಬಹುದು. ಮನೆಯಿಂದ ತಂದ ಬುತ್ತಿಯನ್ನು ಕ್ರೀಡಾಂಗಣಕ್ಕೆ ಹೋಗುವ ಮೊದಲೇ ಮುಗಿಸಿ; ಗೇಟಿನ ತಪಾಸಣೆಯಲ್ಲಿ ನೀರಿನ ಬಾಟಲಿಯನ್ನೂ ಒಳಗೆ ಬಿಡುವುದಿಲ್ಲ. ಆಟ ಮುಗಿದ ಮೇಲೆ ಚಪ್ಪಾಳೆಯ ತನಕ ನಿಲ್ಲಿ. ರಾತ್ರಿ ತಡವಾಗಿ ಹೊರಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಸಿಕ್ಕರೆ ಬೆಳಗಿಗೆ ಹುಬ್ಬಳ್ಳಿ, ಅಲ್ಲಿಂದ ಬಸ್ಸಿನಲ್ಲಿ ಗದಗ, ಗಜೇಂದ್ರಗಡ.