ಹಸಿರು ಗುಳಿಗೆಯ ಎಣ್ಣೆಯೂ ಒಡೆದ ಹಿಮ್ಮಡಿಯೂ



ಕಳೆದ ಚಳಿಗಾಲದಲ್ಲಿ ಆಲಸನತ್ತಂನ ಒಂದು ಮನೆಗೆ ಭೇಟಿಗೆ ಹೋಗಿದ್ದೆ. ರಾಗಿ ಕಟಾವು ಮುಗಿದು ಹುಲ್ಲು ಮೆದೆ ಹಾಕಿದ್ದ ದಿನಗಳು. ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಪ್ಲಸ್ ಟೂ ಓದುವ ಮೊಮ್ಮಗಳು ಹಸಿರು ಬಣ್ಣದ ಮೆತ್ತನೆಯ ಗುಳಿಗೆಯೊಂದಕ್ಕೆ ಸೂಜಿ ಚುಚ್ಚಿ, ಒಳಗಿನ ಎಣ್ಣೆಯನ್ನು ಅಜ್ಜಿಯ ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದಳು. ಉಳಿದದ್ದನ್ನು ತನ್ನ ಕೆನ್ನೆಗೆ ಸವರಿಕೊಂಡಳು. "ವಿಟಮಿನ್ 'ಇ' ಫಾದರ್, ಚರ್ಮಕ್ಕೆ ತುಂಬಾ ಒಳ್ಳೇದಂತೆ. ಮೊಬೈಲಿನಲ್ಲಿ ನೋಡಿದೆ" ಎಂದಳು. ಅಜ್ಜಿ ನಕ್ಕು, "ಎರಡು ತಿಂಗಳಿಂದ ಹಚ್ತಾ ಇದ್ದಾಳೆ, ಒಡಕು ಮಾತ್ರ ಇದ್ದ ಹಾಗೇ ಇದೆ" ಎಂದರು.

ನಾನು ಬಗ್ಗಿ ನೋಡಿದೆ. ಒಡಕಿನ ಪಕ್ಕದಲ್ಲಿ ಜಾಲಿ ಮುಳ್ಳಿನ ಮೊನೆಯೊಂದು ಮುರಿದು ಒಳಗೇ ಉಳಿದಿತ್ತು. ಸುತ್ತಲೂ ಕೆಂಪಾಗಿತ್ತು. "ನೋಯುವುದಿಲ್ಲವೇ ಅಜ್ಜಿ?" ಎಂದು ಕೇಳಿದೆ. "ಇಲ್ಲ ಫಾದರ್, ಮುಳ್ಳು ಚುಚ್ಚಿದ್ದೇ ನನಗೆ ಗೊತ್ತಿಲ್ಲ" ಎಂದರು. ಆ ಉತ್ತರ ನನಗೆ ಸರಿಯೆನಿಸಲಿಲ್ಲ. ಅಜ್ಜಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಎಣ್ಣೆ ಎಂದರೇನು, ಅದು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ತಿಳಿದುಕೊಳ್ಳೋಣ.

ವಿಟಮಿನ್ 'ಇ' ಎಂದರೇನು?

1922ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರಿನ್ ಬಿಷಪ್ ಎಂಬ ವಿಜ್ಞಾನಿಗಳು ಇಲಿಗಳ ಆಹಾರದ ಮೇಲೆ ಪ್ರಯೋಗ ನಡೆಸುತ್ತಿದ್ದರು. ಒಂದು ಬಗೆಯ ಆಹಾರ ತಿಂದ ಇಲಿಗಳು ಗರ್ಭ ಧರಿಸಿದರೂ ಮರಿ ಹಾಕುತ್ತಿರಲಿಲ್ಲ. ಆಹಾರದಲ್ಲಿ ಯಾವುದೋ ಒಂದು ಅಂಶದ ಕೊರತೆ ಇದೆ ಎಂದು ಅವರು ಕಂಡುಕೊಂಡರು. ಆ ಅಂಶವೇ ವಿಟಮಿನ್ 'ಇ'. 1936ರಲ್ಲಿ ಗೋಧಿಯ ಮೊಳಕೆಯ ಎಣ್ಣೆಯಿಂದ ಅದನ್ನು ಬೇರ್ಪಡಿಸಿ 'ಟೊಕೊಫೆರಾಲ್' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ 'ಟೊಕೊಸ್' ಎಂದರೆ ಹೆರಿಗೆ.

ರೈತರಾದ ನಮಗೆ ಇದರ ಕೆಲಸ ಸುಲಭವಾಗಿ ಅರ್ಥವಾಗುತ್ತದೆ. ಕಡಲೆಕಾಯಿ ಎಣ್ಣೆಯನ್ನು ಬಿಸಿಲಲ್ಲಿ ತೆರೆದಿಟ್ಟರೆ ಕಮಟು ವಾಸನೆ ಹಿಡಿಯುತ್ತದೆ. ಆದರೆ ಬಿತ್ತನೆಗೆಂದು ಇಟ್ಟ ಕಡಲೆಕಾಯಿ ಬೀಜದೊಳಗಿನ ಎಣ್ಣೆ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಬೀಜದಲ್ಲಿರುವ ವಿಟಮಿನ್ 'ಇ' ಆ ಎಣ್ಣೆಯನ್ನು ಕಾಯುತ್ತದೆ. ನಮ್ಮ ದೇಹದಲ್ಲಿಯೂ ಅದರದು ಇದೇ ಕಾವಲು ಕೆಲಸ. ಚರ್ಮದ ಜಿಡ್ಡಿನೊಡನೆ ಅದು ತಾನಾಗಿಯೇ ಮೇಲ್ಪದರಕ್ಕೆ ಬಂದು ಸೇರುತ್ತದೆ. ಬಿಸಿಲು ಬಿದ್ದಾಗ ಸ್ವಲ್ಪ ಸ್ವಲ್ಪವಾಗಿ ಖರ್ಚಾಗುತ್ತದೆ. ಆದುದರಿಂದಲೇ "ಹೊರಗಿನಿಂದಲೂ ಹಚ್ಚಿದರೆ ಇನ್ನೂ ಒಳ್ಳೆಯದಲ್ಲವೇ?" ಎಂಬ ಯೋಚನೆ ಜನರಿಗೆ ಬಂದಿತು.

ಹಚ್ಚಿದರೆ ಏನಾಗುತ್ತದೆ?

ಟೊಮೇಟೊ ಸಾಲುಗಳಿಗೆ ನಾವು ಹುಲ್ಲಿನ ಹೊದಿಕೆ ಹಾಕುತ್ತೇವೆ. ಹುಲ್ಲು ನೆಲಕ್ಕೆ ನೀರು ಕೊಡುವುದಿಲ್ಲ. ನೆಲದಲ್ಲಿ ಇದ್ದ ನೀರು ಆರಿಹೋಗದಂತೆ ತಡೆಯುತ್ತದೆ. ಚರ್ಮಕ್ಕೆ ಎಣ್ಣೆ ಹಚ್ಚುವುದೂ ಹಾಗೆಯೇ. ಹೊಸೂರು ಸೀಮೆ ಸಮುದ್ರ ಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಡಿಸೆಂಬರ್, ಜನವರಿ ತಿಂಗಳ ಒಣ ಚಳಿಗಾಳಿಗೆ ಚರ್ಮದ ನೀರಿನಂಶ ಬೇಗ ಆರುತ್ತದೆ. ಆಗ ಯಾವ ಎಣ್ಣೆ ಹಚ್ಚಿದರೂ ಚರ್ಮ ಮೆತ್ತಗಾಗುತ್ತದೆ. ಗುಳಿಗೆಯ ಎಣ್ಣೆ ಹಚ್ಚಿದಾಗ ಕಾಣುವ ಹೊಳಪಿನ ಬಹುಪಾಲು ಇದೇ ಕಾರಣದಿಂದ ಬಂದದ್ದು.

ಹಾಗಾದರೆ ಮನೆಯಲ್ಲಿರುವ ಕೊಬ್ಬರಿ ಎಣ್ಣೆ ಸಾಲದೇ? ಸಾಲುತ್ತದೆ. 2004ರಲ್ಲಿ ಫಿಲಿಪ್ಪೀನ್ಸ್ ದೇಶದ ವೈದ್ಯರು ಒಣ ಚರ್ಮದ 34 ಮಂದಿಯ ಮೇಲೆ ಪರೀಕ್ಷೆ ನಡೆಸಿದರು. ಕೆಲವರಿಗೆ ಕೊಬ್ಬರಿ ಎಣ್ಣೆ, ಇನ್ನು ಕೆಲವರಿಗೆ ಔಷಧಿ ಅಂಗಡಿಯ ಖನಿಜ ಎಣ್ಣೆ ಕೊಟ್ಟರು. ಎರಡೂ ಸಮನಾಗಿ ಗುಣ ಕೊಟ್ಟವು. ಕೊಬ್ಬರಿ ಎಣ್ಣೆಯಲ್ಲಿ ವಿಟಮಿನ್ 'ಇ' ಇಲ್ಲವೆನ್ನುವಷ್ಟು ಕಡಿಮೆ ಎಂಬುದನ್ನು ಗಮನಿಸಬೇಕು. ಅಂದರೆ ಒಣ ಚರ್ಮ ಮೆತ್ತಗಾಗಲು ವಿಟಮಿನ್ ಇರಲೇಬೇಕೆಂದಿಲ್ಲ.

ಕಲೆ ಹೋಗುತ್ತದೆಯೇ?

ಗಾಯದ ಕಲೆ, ಸುಟ್ಟ ಕಲೆ, ಹೆರಿಗೆಯ ಹೊಲಿಗೆಯ ಕಲೆ ಇವೆಲ್ಲ ಗುಳಿಗೆಯ ಎಣ್ಣೆಯಿಂದ ಹೋಗುತ್ತವೆ ಎಂಬ ನಂಬಿಕೆ ಎಲ್ಲೆಡೆ ಇದೆ. ಅಮೆರಿಕದ ಮಯಾಮಿ ವಿಶ್ವವಿದ್ಯಾನಿಲಯದ ವೈದ್ಯರು ಇದನ್ನು ಪರೀಕ್ಷಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಚರ್ಮದ ಶಸ್ತ್ರಚಿಕಿತ್ಸೆ ಆದ 15 ಮಂದಿಗೆ ಎರಡೆರಡು ಮುಲಾಮು ಕೊಟ್ಟರು. ಗಾಯದ ಒಂದು ಅರ್ಧಕ್ಕೆ ಬರೀ ಮುಲಾಮು, ಇನ್ನೊಂದು ಅರ್ಧಕ್ಕೆ ವಿಟಮಿನ್ 'ಇ' ಬೆರೆಸಿದ ಅದೇ ಮುಲಾಮು. ನಾಲ್ಕು ವಾರ ದಿನಕ್ಕೆ ಎರಡು ಸಾರಿ ಹಚ್ಚಿದರು. ನೂರಕ್ಕೆ 90ರಷ್ಟು ಪ್ರಕರಣಗಳಲ್ಲಿ ವಿಟಮಿನ್ನಿನಿಂದ ಯಾವ ಪ್ರಯೋಜನವೂ ಆಗಲಿಲ್ಲ, ಇಲ್ಲವೇ ಕಲೆ ಮತ್ತಷ್ಟು ಕೆಟ್ಟಿತು. ಮೂವರಲ್ಲಿ ಒಬ್ಬರಿಗೆ ಹಚ್ಚಿದ ಜಾಗದಲ್ಲಿ ತುರಿಕೆ, ಕೆಂಪು ದದ್ದು ಎದ್ದಿತು. 15 ಮಂದಿ ಎಂದರೆ ಸಣ್ಣ ಪರೀಕ್ಷೆಯೇ ಸರಿ. ಆದರೂ ಹಸಿ ಗಾಯದ ಮೇಲೆ ಈ ಎಣ್ಣೆ ಹಚ್ಚಬಾರದು ಎನ್ನುವುದಕ್ಕೆ ಅಷ್ಟು ಸಾಕು.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಗುಳಿಗೆಯ ಎಣ್ಣೆ ಬಹಳ ಮಂದ. ಮೊಡವೆ ಏಳುವ ಮುಖಕ್ಕೆ ಹಚ್ಚಿದರೆ ಚರ್ಮದ ಸಣ್ಣ ರಂಧ್ರಗಳು ಮುಚ್ಚಿ ಮೊಡವೆ ಹೆಚ್ಚಾಗುವ ಸಂಭವವಿದೆ. ಅದು ಬಿಸಿಲಿನಿಂದ ಕಾಪಾಡುವ ಔಷಧಿಯೂ ಅಲ್ಲ. ತಲೆಗೆ ಟವೆಲ್ಲು, ಸೆರಗು, ಉದ್ದ ತೋಳಿನ ಅಂಗಿ ಮಾಡುವ ಕೆಲಸವನ್ನು ಅದು ಮಾಡಲಾರದು. ಕೆಲವರು ಈ ಎಣ್ಣೆಯನ್ನು ಔಷಧಿ ಅಂಗಡಿಯಲ್ಲಿ ಸಿಗುವ 'ಬೆಳ್ಳಗಾಗುವ' ಮುಲಾಮಿನೊಂದಿಗೆ ಕಲಸಿ ಹಚ್ಚುತ್ತಾರೆ. ಅಂಥ ಮುಲಾಮುಗಳಲ್ಲಿ ಎಷ್ಟೋ ಸಾರಿ ಸ್ಟೀರಾಯ್ಡ್ ಇರುತ್ತದೆ. ಮೊದಲು ಮುಖ ತಿಳಿಯಾದಂತೆ ಕಂಡು, ಬರಬರುತ್ತಾ ಚರ್ಮ ತೆಳುವಾಗಿ, ಕೆಂಪಾಗಿ, ಬಿಟ್ಟರೆ ಉರಿಯುವ ಸ್ಥಿತಿಗೆ ಬರುತ್ತದೆ. ವೈದ್ಯರ ಚೀಟಿಯಿಲ್ಲದೆ ಅದನ್ನು ಮುಟ್ಟಬೇಡಿರಿ.

ಹೊಲದಿಂದ ಬರುವ ತೊಂದರೆಗಳು

ನಮ್ಮ ಕಡೆ ಗಂಡಸರ ಕತ್ತು, ಕಣ್ಣಿನ ರೆಪ್ಪೆ, ಮೊಣಕೈ ಮಡಿಕೆ ಇವುಗಳಲ್ಲಿ ವರ್ಷವರ್ಷವೂ ತುರಿಕೆ ಬರುವುದನ್ನು ನೋಡುತ್ತೇವೆ. ಇದಕ್ಕೆ ಅನೇಕ ವೇಳೆ ಕಾರಣ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಕಳೆ ಈಗ ನಮ್ಮ ಪ್ರತಿ ಬದುವಿನ ಮೇಲೂ ಇದೆ. ಅದರ ಒಣ ಪುಡಿ ಗಾಳಿಯಲ್ಲಿ ಹಾರಿ ಬಂದು ಚರ್ಮಕ್ಕೆ ತಾಗಿದರೂ ಸಾಕು, ಒಗ್ಗದವರಿಗೆ ತುರಿಕೆ ಏಳುತ್ತದೆ. 1984ರಲ್ಲಿ ಇದನ್ನು ತಿನ್ನುವ ಮೆಕ್ಸಿಕೋ ದುಂಬಿಯನ್ನು ಬೆಂಗಳೂರಿನಲ್ಲಿ ಬಿಟ್ಟರೂ ಗಿಡ ಪೂರ್ತಿ ಹೋಗಿಲ್ಲ. ಇಂಥ ತುರಿಕೆಗೆ ಎಣ್ಣೆ ಹಚ್ಚುತ್ತಾ ಕೂತರೆ ಕಾಯಿಲೆ ಬೇರೂರುತ್ತದೆ. ಹೂ ಬಿಡುವ ಮುನ್ನವೇ ಗಿಡ ಕೀಳಬೇಕು. ಕೀಳುವಾಗ ಕೈಚೀಲ ಹಾಕಿಕೊಂಡು, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಈಗಾಗಲೇ ತುರಿಕೆ ಇರುವವರು ಆ ಕೆಲಸಕ್ಕೆ ಹೋಗಲೇಬಾರದು.

ಗುಲಾಬಿ ತೋಟ, ಪಾಲಿಹೌಸು, ಟೊಮೇಟೊ ಹೊಲಗಳಲ್ಲಿ ಔಷಧಿ ಹೊಡೆಯುವವರು ಈ ಮಾತನ್ನು ಮುಖ್ಯವಾಗಿ ನೆನಪಿಡಬೇಕು. ಕೈ ಒಡೆದಿದೆಯೆಂದು ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಔಷಧಿ ಕಲಸಲು ಹೋಗಬೇಡಿರಿ. ಎಷ್ಟೋ ಕೀಟನಾಶಕಗಳು ಎಣ್ಣೆಯಲ್ಲಿ ಕರಗುವಂಥವು. ಜಿಡ್ಡಿನ ಕೈಗೆ ಅವು ಅಂಟಿಕೊಂಡೇ ಉಳಿಯುತ್ತವೆ. ರಬ್ಬರ್ ಕೈಚೀಲ ಹಾಕಿಕೊಳ್ಳಿರಿ. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಚೆನ್ನಾಗಿ ತೊಳೆದು, ಬಟ್ಟೆ ಬದಲಾಯಿಸಿ, ರಾತ್ರಿ ಮಲಗುವಾಗ ಎಣ್ಣೆ ಹಚ್ಚಿರಿ.

ಖರ್ಚಿಲ್ಲದ ದಿನಚರಿ

ಸ್ನಾನಕ್ಕೆ ಕುದಿಯುವ ನೀರು ಬೇಡ, ಉಗುರು ಬೆಚ್ಚಗಿನ ನೀರು ಸಾಕು. ಬಟ್ಟೆ ಒಗೆಯುವ ಸಾಬೂನನ್ನು ಮೈಗೆ ಹಚ್ಚಬಾರದು. ಮೈಯನ್ನು ಉಜ್ಜಿ ಒರೆಸದೆ ಮೆಲ್ಲಗೆ ಒತ್ತಿ, ಪಸೆ ಇನ್ನೂ ಇರುವಾಗಲೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ತೆಳುವಾಗಿ ಸವರಬೇಕು. ಒಣಗಿದ ನೆಲಕ್ಕೆ ಹೊದಿಕೆ ಹಾಕಿದರೆ ಏನು ಪ್ರಯೋಜನ?

ಹಿಮ್ಮಡಿ ಒಡೆದವರು ರಾತ್ರಿ ಹದಿನೈದು ನಿಮಿಷ ಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು, ದಪ್ಪ ಚರ್ಮವನ್ನು ಉಜ್ಜುವ ಕಲ್ಲಿನಿಂದ ಹಗುರವಾಗಿ ತಿಕ್ಕಿ, ವ್ಯಾಸಲೀನ್ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಲಿ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಕಾಲನ್ನು ನೆನೆಸುವುದೂ ಬೇಡ, ಕಲ್ಲಿನಿಂದ ತಿಕ್ಕುವುದೂ ಬೇಡ. ವೈದ್ಯರಿಗೆ ತೋರಿಸಿ ಅವರು ಹೇಳಿದಂತೆ ಮಾಡಬೇಕು. ಎಲ್ಲರೂ ಹೊಲಕ್ಕೆ ಹೋಗುವಾಗ ಹಿಮ್ಮಡಿ ಮುಚ್ಚುವ ಚಪ್ಪಲಿ ಮೆಟ್ಟಬೇಕು.

ಗುಳಿಗೆಯ ಎಣ್ಣೆಯನ್ನೇ ಹಚ್ಚಬೇಕೆನ್ನುವ ಆಸೆ ಇದ್ದರೆ ಮೊದಲು ಒಂದು ಹನಿಯನ್ನು ಮೊಣಕೈ ಒಳಭಾಗಕ್ಕೆ ದಿನಕ್ಕೆರಡು ಸಾರಿಯಂತೆ ಒಂದು ವಾರ ಹಚ್ಚಿ ನೋಡಿರಿ. ತುರಿಕೆ, ಕೆಂಪು ಕಾಣದಿದ್ದರೆ ಎರಡು ಹನಿಯನ್ನು ಕೊಬ್ಬರಿ ಎಣ್ಣೆಗೆ ಬೆರೆಸಿ ಒಣಗಿದ ಜಾಗಕ್ಕೆ ಮಾತ್ರ ಹಚ್ಚಬಹುದು. ಗಾಯಕ್ಕೂ ಕಣ್ಣಿನ ಹತ್ತಿರಕ್ಕೂ ಎಳೆಮಕ್ಕಳಿಗೂ ಬೇಡ.

ನುಂಗಿದರೆ?

ಹಚ್ಚಿದರೆ ಇಷ್ಟು ಒಳ್ಳೆಯದಾದರೆ ನುಂಗಿದರೆ ಇನ್ನೆಷ್ಟೋ ಎಂದು ದಿನವೂ ನುಂಗುವವರಿದ್ದಾರೆ. ವಯಸ್ಕರಿಗೆ ದಿನಕ್ಕೆ 15 ಮಿಲಿಗ್ರಾಂ ವಿಟಮಿನ್ 'ಇ' ಸಾಕೆಂದು ಅಮೆರಿಕದ ತಜ್ಞರು 2000ದಲ್ಲಿ ನಿಗದಿ ಮಾಡಿದ್ದಾರೆ. 400 ಮಿಲಿಗ್ರಾಂನ ಒಂದು ಗುಳಿಗೆ ಅದರ 25 ಪಟ್ಟಿಗೂ ಹೆಚ್ಚು. ಅಮೆರಿಕ, ಕೆನಡಾ ಮುಂತಾದ ಕಡೆ ಸುಮಾರು 35,000 ಗಂಡಸರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2011ರಲ್ಲಿ ಹೊರಬಿತ್ತು. ದಿನವೂ 400 ಯೂನಿಟ್ ನುಂಗಿದವರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ನೂರಕ್ಕೆ 17ರಷ್ಟು ಹೆಚ್ಚಾಗಿ ಕಂಡುಬಂದಿತು. ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಂಡರೆ ರಕ್ತ ಹೆಪ್ಪುಗಟ್ಟುವುದೂ ನಿಧಾನವಾಗುತ್ತದೆ. ಹೃದ್ರೋಗಕ್ಕೆ ರಕ್ತ ತೆಳುವಾಗುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಇದನ್ನು ತೆಗೆದುಕೊಳ್ಳಲೇಬಾರದು.

ಊಟದಿಂದ ಬರುವ ವಿಟಮಿನ್ನಿಗೆ ಈ ಭಯವಿಲ್ಲ. 100 ಗ್ರಾಂ ಕಡಲೆಬೀಜದಲ್ಲಿ ಸುಮಾರು 8 ಮಿಲಿಗ್ರಾಂ, 100 ಗ್ರಾಂ ಸೂರ್ಯಕಾಂತಿ ಎಣ್ಣೆಯಲ್ಲಿ ಸುಮಾರು 40 ಮಿಲಿಗ್ರಾಂ ಇದೆ. ಸೊಪ್ಪಿನಲ್ಲಿಯೂ ಇದೆ. ಮುದ್ದೆ, ಸೊಪ್ಪಿನ ಸಾರು, ಒಂದು ಹಿಡಿ ಹುರಿದ ಕಡಲೆಬೀಜ ತಿನ್ನುವ ಮನೆಗೆ ಗುಳಿಗೆ ಅಂಗಡಿಯಿಂದ ಬರಬೇಕಾಗಿಲ್ಲ.

ಎಣ್ಣೆ ಬಿಟ್ಟು ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

ಚರ್ಮದ ಮೇಲೆ ತಿಳಿ ಬಣ್ಣದ ಅಥವಾ ಕೆಂಪು ಮಚ್ಚೆ ಇದ್ದು, ಅಲ್ಲಿ ಮುಟ್ಟಿದರೆ ತಿಳಿಯದಿದ್ದರೆ ಅದು ಕುಷ್ಠರೋಗವಿರಬಹುದು. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ಔಷಧಿ ಉಚಿತ. ಆರು ತಿಂಗಳಿನಿಂದ ಒಂದು ವರ್ಷದೊಳಗೆ ಪೂರ್ತಿ ಗುಣವಾಗುತ್ತದೆ. ತಡಮಾಡಿದರೆ ಮಾತ್ರ ಕೈಕಾಲು ಊನವಾಗುವುದು. ನಾಚಿಕೆಪಟ್ಟು ಎಣ್ಣೆ ಹಚ್ಚಿ ಮರೆಮಾಡಬೇಡಿರಿ. ಒಂದು ತಿಂಗಳಾದರೂ ಮಾಯದ ಹುಣ್ಣು, ಬೆಳೆಯುತ್ತಿರುವ ಕಪ್ಪು ಮಚ್ಚೆ, ಮನೆಮಂದಿಗೆಲ್ಲ ರಾತ್ರಿ ಹೊತ್ತು ಏಳುವ ಕಜ್ಜಿ ಇವನ್ನೂ ತೋರಿಸಬೇಕು.

ಕಾಲಿಗೆ ಮುಳ್ಳು ಚುಚ್ಚಿದರೂ ನೋವು ಗೊತ್ತಾಗದಿದ್ದರೆ ಅದೂ ಒಂದು ಎಚ್ಚರಿಕೆಯೇ. ಅಂದು ಅಜ್ಜಿಯ ಮಗನಿಗೆ ಹೇಳಿ ಮರುದಿನವೇ ಹೊಸೂರಿಗೆ ಆಸ್ಪತ್ರೆಗೆ ಕಳುಹಿಸಿದೆ. ರಕ್ತ ಪರೀಕ್ಷೆ ಮಾಡಿದಾಗ ಸಕ್ಕರೆ ಕಾಯಿಲೆ ಎಂದು ತಿಳಿಯಿತು. ಎಷ್ಟು ವರ್ಷದಿಂದ ಇತ್ತೋ ಯಾರಿಗೂ ಗೊತ್ತಿರಲಿಲ್ಲ. ಅದೇ ಕಾಲಿನ ನರಗಳನ್ನು ಮಂಕು ಮಾಡಿತ್ತು. ವೈದ್ಯರು ಮುಳ್ಳು ತೆಗೆದು ಕೀವು ತೊಳೆದರು. ಇನ್ನೂ ಕೆಲವು ವಾರ ಹಾಗೇ ಬಿಟ್ಟಿದ್ದರೆ ಪಾದಕ್ಕೇ ಅಪಾಯವಿತ್ತು ಎಂದರಂತೆ. ಎರಡು ತಿಂಗಳ ಕಾಲ ಆ ಪಾದವನ್ನು ದಿನವೂ ಪ್ರೀತಿಯಿಂದ ಮುಟ್ಟಿದ ಮೊಮ್ಮಗಳ ತಪ್ಪೇನೂ ಅದರಲ್ಲಿಲ್ಲ. ಎಣ್ಣೆ ಹಚ್ಚಬೇಕೆಂದು ಅವಳಿಗೆ ಯಾರೋ ಹೇಳಿದ್ದರು, ನೋಡಬೇಕೆಂದು ಯಾರೂ ಹೇಳಿರಲಿಲ್ಲ.

ಈಗ ಅವಳು ಪ್ರತಿ ರಾತ್ರಿ ದೀಪದ ಬೆಳಕಿನಲ್ಲಿ ಅಜ್ಜಿಯ ಎರಡೂ ಪಾದಗಳನ್ನು, ಬೆರಳ ಸಂದುಗಳನ್ನು ನೋಡಿ ಆಮೇಲೆ ವ್ಯಾಸಲೀನ್ ಹಚ್ಚುತ್ತಾಳೆ, ಬೆರಳ ಸಂದುಗಳಿಗೆ ಮಾತ್ರ ಹಚ್ಚುವುದಿಲ್ಲ. ಅಜ್ಜಿ ಮಾತ್ರೆ ನುಂಗುತ್ತಾರೆ, ಚಪ್ಪಲಿ ಮೆಟ್ಟಿಯೇ ಹಿತ್ತಲಿಗೆ ಇಳಿಯುತ್ತಾರೆ. ನಿಮ್ಮ ಮನೆಯ ಹಿರಿಯರ ಪಾದಗಳನ್ನೂ ಈ ರಾತ್ರಿ ಒಮ್ಮೆ ನೋಡಿರಿ. ಹಚ್ಚುವುದು ಯಾವ ಎಣ್ಣೆ ಎಂಬುದು ಆಮೇಲಿನ ಮಾತು.