ಹಳೆಯ ಕಾರಿನ ಮೂಲ ಇಂಜಿನ್: ಉಳಿಸಬೇಕೇ, ಬದಲಿಸಬೇಕೇ?

ಗುತ್ತಲ, ಹಾವೇರಿ, ಬ್ಯಾಡಗಿ ಹಾಗೂ ರಾಣೇಬೆನ್ನೂರಿನ ಹಳೆಯ ವರ್ತಕ ಮನೆತನಗಳಲ್ಲಿ ತಂದೆಯ ಕಾಲದ ಅಂಬಾಸಿಡರ್, ಫಿಯಾಟ್ ಅಥವಾ ಜೀಪು ಇನ್ನೂ ಉಳಿದುಕೊಂಡಿರುವುದುಂಟು. ಅದನ್ನು ಮತ್ತೆ ರಸ್ತೆಗಿಳಿಸಬೇಕೆಂದಾಗ ಏಳುವ ಮೊದಲ ಪ್ರಶ್ನೆ ಇಂಜಿನ್ನಿನದು. ಹಳೆಯದನ್ನು ಗುಜರಿಗೆ ಹಾಕಿ ಬೇರೊಂದನ್ನು ಕೂರಿಸುವುದು ಸುಲಭವಾಗಿ ಸಿಗುವ ಸಲಹೆ. ಆದರೆ ಈ ಒಂದು ತೀರ್ಮಾನವು ವಾಹನದ ಬೆಲೆ, ನೋಂದಣಿ ಹಾಗೂ ಲೆಕ್ಕಪತ್ರ ಈ ಮೂರರ ಮೇಲೂ ಪರಿಣಾಮ ಬೀರುತ್ತದೆ.

ಹಿನ್ನೆಲೆ

1962ರಿಂದ 1975ರವರೆಗೆ ತಯಾರಾದ ಅಂಬಾಸಿಡರ್ ಮಾರ್ಕ್-2 ಕಾರಿನಲ್ಲಿದ್ದುದು 1489 ಸಿ.ಸಿ. ಪೆಟ್ರೋಲ್ ಇಂಜಿನ್. ಡೀಸೆಲ್ ಅಗ್ಗವಾಗಿದ್ದ ದಿನಗಳಲ್ಲಿ ಇಂತಹ ಅನೇಕ ಕಾರು ಹಾಗೂ ಜೀಪುಗಳಿಗೆ ಡೀಸೆಲ್ ಇಂಜಿನ್ ಜೋಡಿಸಲಾಯಿತು. ವಾಹನವು ದಿನನಿತ್ಯದ ದುಡಿಮೆಗಿದ್ದ ಕಾಲದಲ್ಲಿ ಅದು ಲಾಭದಾಯಕ ನಿರ್ಧಾರವೇ ಆಗಿತ್ತು. ಇಂದು ಅದೇ ವಾಹನವನ್ನು ಕೊಳ್ಳುವವರು ಸಂಗ್ರಾಹಕರು. ಅವರು ಮೊದಲು ನೋಡುವುದು ಇಂಜಿನ್ ಹಾಗೂ ಚಾಸಿ ಸಂಖ್ಯೆಗಳು ನೋಂದಣಿ ಪುಸ್ತಕಕ್ಕೆ ತಾಳೆಯಾಗುತ್ತವೆಯೇ ಎಂಬುದನ್ನು. ಬ್ಯಾಡಗಿ ಡಬ್ಬಿ ಮೆಣಸಿನಕಾಯಿಯಲ್ಲಿ ಬೇರೆ ತಳಿ ಬೆರೆತರೆ ಧಾರಣೆ ಏನಾಗುತ್ತದೆಂಬುದನ್ನು ಬಲ್ಲ ವರ್ತಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

2021ರ ನಿಯಮಗಳು

ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ಕುರಿತು ಪ್ರತ್ಯೇಕ ನಿಯಮಗಳನ್ನು ಸೇರಿಸಿತು. ಇದರಂತೆ ಮೊದಲ ನೋಂದಣಿಯಿಂದ 50 ವರ್ಷ ಮೀರಿದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳು ಈ ಮಾನ್ಯತೆಗೆ ಅರ್ಹ. ಆದರೆ ವಾಹನವು ಮೂಲ ರೂಪದಲ್ಲಿರಬೇಕು. ಚಾಸಿ, ಕವಚ ಅಥವಾ ಇಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು. ಹೊಸ ನೋಂದಣಿಗೆ ರೂ. 20,000, ಮರುನೋಂದಣಿಗೆ ರೂ. 5,000 ಶುಲ್ಕವಿದ್ದು, ನೋಂದಣಿಯ ಅವಧಿ 10 ವರ್ಷ. ಈಗಾಗಲೇ ನೋಂದಣಿಯಾದ ವಾಹನವು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಇಂತಹ ವಾಹನವನ್ನು ಪ್ರದರ್ಶನ, ರ‍್ಯಾಲಿ ಮುಂತಾದವುಗಳಿಗೆ ಮಾತ್ರ ಬಳಸಬಹುದೇ ಹೊರತು ನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಅಲ್ಲ.

ಬದಲಿಸುವುದೇ ಆದರೆ

ಮೋಟಾರು ವಾಹನ ಕಾಯ್ದೆ, 1988ರ ಕಲಂ 52ರ ಪ್ರಕಾರ ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸಲು ಅವಕಾಶವಿಲ್ಲ. ಇಂಜಿನ್ ಬದಲಾದಲ್ಲಿ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಕಾರಾವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಬಹುದು. ಪುಸ್ತಕದಲ್ಲೊಂದು ಸಂಖ್ಯೆ, ಇಂಜಿನ್ ಮೇಲೊಂದು ಸಂಖ್ಯೆ ಇದ್ದರೆ ವಿಮಾ ಪರಿಹಾರ ಕೇಳುವಾಗಲೂ, ಮಾರುವಾಗಲೂ ತೊಡಕು ತಪ್ಪದು.

ಲೆಕ್ಕಪತ್ರದ ದೃಷ್ಟಿ

ಕಾರು ಯಾರ ಹೆಸರಿನಲ್ಲಿದೆ ಎಂಬುದನ್ನು ಮೊದಲು ನೋಡಬೇಕು. ಸ್ವಂತ ಬಳಕೆಯ ಕಾರು ಆದಾಯ ತೆರಿಗೆ ಕಾನೂನಿನಲ್ಲಿ ವೈಯಕ್ತಿಕ ವಸ್ತು. ಮೂಲ ಇಂಜಿನ್ ಉಳಿಸಿದ್ದರಿಂದ ಹೆಚ್ಚು ಬೆಲೆ ಬಂದರೂ ಅದರ ಮೇಲೆ ಬಂಡವಾಳ ಲಾಭದ ತೆರಿಗೆ ಇಲ್ಲ. ಜಿ.ಎಸ್.ಟಿ. ನೋಂದಾಯಿತ ಸಂಸ್ಥೆಯ ಪುಸ್ತಕದಲ್ಲಿದ್ದು ಸವಕಳಿ ಪಡೆದಿದ್ದರೆ, ಮಾರಾಟ ಬೆಲೆಯಿಂದ ಸವಕಳಿ ಕಳೆದು ಉಳಿದ ಮೌಲ್ಯವನ್ನು ಕಳೆದ ಮೊತ್ತಕ್ಕೆ 2025ರ ಜನವರಿಯಿಂದ ಶೇ. 18 ತೆರಿಗೆ ಅನ್ವಯಿಸುತ್ತದೆ. ಉದಾಹರಣೆಗೆ, ಉಳಿದ ಮೌಲ್ಯ ರೂ. 40,000 ಇರುವ ಕಾರು ರೂ. 3,00,000ಕ್ಕೆ ಮಾರಾಟವಾದರೆ ರೂ. 2,60,000ದ ಮೇಲೆ ತೆರಿಗೆ ರೂ. 46,800.

ಸಂಸ್ಥೆಯ ವ್ಯವಹಾರಕ್ಕೆ ಬಳಸುವ ವಾಹನದಲ್ಲಿ ಇರುವ ಇಂಜಿನ್ನನ್ನೇ ದುರಸ್ತಿ ಮಾಡಿದ ವೆಚ್ಚವು ಸಾಮಾನ್ಯವಾಗಿ ಚಾಲ್ತಿ ದುರಸ್ತಿ ಎನಿಸುತ್ತದೆ. ಬೇರೆ ಬಗೆಯ ಇಂಜಿನ್ ಜೋಡಿಸಿದರೆ ಅದು ಬಂಡವಾಳ ವೆಚ್ಚವೆಂಬ ಪ್ರಶ್ನೆ ಏಳುತ್ತದೆ. 1964ರಲ್ಲಿ ಮೀರ್ ಮಹಮ್ಮದ್ ಅಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಬಸ್ಸುಗಳಿಗೆ ಪೆಟ್ರೋಲ್ ಇಂಜಿನ್ ಬದಲು ಕೂರಿಸಿದ ಡೀಸೆಲ್ ಇಂಜಿನ್ನುಗಳನ್ನು ಯಂತ್ರವೆಂದೇ ಪರಿಗಣಿಸಿತು.

ದುರಸ್ತಿಯ ದಾರಿ

ಇಂಜಿನ್ ಸಂಖ್ಯೆ ಇರುವುದು ಬ್ಲಾಕಿನ ಮೇಲೆ. ಸಿಲಿಂಡರ್ ಬೋರ್ ಮಾಡಿಸಿ, ಸ್ಲೀವ್, ಪಿಸ್ಟನ್, ಬೇರಿಂಗ್ ಬದಲಿಸಿದರೂ ಬ್ಲಾಕ್ ಅದೇ ಉಳಿಯುತ್ತದೆ. ಅಂಬಾಸಿಡರ್ ತಯಾರಿಕೆ 2014ರವರೆಗೂ ನಡೆದಿದ್ದರಿಂದ ಅದರ ಬಿಡಿಭಾಗಗಳ ಶೋಧ ಅಷ್ಟೇನೂ ಕಷ್ಟವಲ್ಲ. ಸೀಸವಿದ್ದ ಪೆಟ್ರೋಲ್ 2000ದಲ್ಲಿ ನಿಂತುಹೋಯಿತು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಆದ್ದರಿಂದ ಗಟ್ಟಿ ವಾಲ್ವ್ ಸೀಟುಗಳನ್ನು ಹಾಕಿಸುವುದು, ಇಂಧನದ ರಬ್ಬರ್ ಕೊಳವೆಗಳನ್ನು ಬದಲಿಸುವುದು ಲೇಸು.

ಸಾರಾಂಶ

ವಾಹನವು 50 ವರ್ಷ ದಾಟಿದ್ದು ಅಥವಾ ದಾಟಲಿದ್ದು, ಮೂಲ ಇಂಜಿನ್ ಅದರಲ್ಲೇ ಇದ್ದರೆ, ದುರಸ್ತಿಗೆ ಖರ್ಚು ಹೆಚ್ಚಾದರೂ ಅದನ್ನು ಉಳಿಸುವುದೇ ಜಾಣತನ. ನಿತ್ಯದ ಓಡಾಟಕ್ಕೇ ಕಾರು ಬೇಕಿದ್ದಲ್ಲಿ ಅನುಮತಿ ಪಡೆದು, ಸಾಧ್ಯವಾದಷ್ಟು ಅದೇ ಮಾದರಿಯ ಇಂಜಿನ್ ಜೋಡಿಸಿ, ನೋಂದಣಿ ಪುಸ್ತಕವನ್ನು ತಿದ್ದಿಸಿಕೊಳ್ಳತಕ್ಕದ್ದು. ಎರಡೂ ಸಂದರ್ಭಗಳಲ್ಲಿ ಹಳೆಯ ಇಂಜಿನ್ನನ್ನು ತೂಕಕ್ಕೆ ಹಾಕಬಾರದು. ಗ್ರೀಸ್ ಹಚ್ಚಿ, ಮುಚ್ಚಿ, ಖರೀದಿ ಕಾಗದಪತ್ರಗಳೊಂದಿಗೆ ಕಾಯ್ದಿಡಬೇಕು. ಗುಜರಿಯಲ್ಲಿ ಬರುವುದು ಕಬ್ಬಿಣದ ಬೆಲೆ ಮಾತ್ರ. ಮುಂದಿನ ತಲೆಮಾರು ಕಾರನ್ನು ಮೂಲ ರೂಪಕ್ಕೆ ತರಬೇಕೆಂದರೆ ಆ ಸಂಖ್ಯೆಯ ಬ್ಲಾಕ್ ಬೇರೆಲ್ಲೂ ಸಿಗದು.